ಫಾಕ್ಸ್ ವಾಹಿನಿ ಸಮೂಹ: ಸುದ್ದಿಯ ಒಲವು, ಕ್ರೀಡೆ, ಮನರಂಜನೆ

ಒಂದೇ ಒಡೆತನದಲ್ಲಿ, ಒಂದೇ ಹೆಸರಿನಲ್ಲಿ ಸುದ್ದಿ, ಕ್ರೀಡೆ ಮತ್ತು ಮನರಂಜನೆಗಳನ್ನು ನಡೆಸುವ ಟೆಲಿವಿಷನ್ ಸಮೂಹಗಳಲ್ಲಿ ಸುದ್ದಿ ವಿಭಾಗದ ರಾಜಕೀಯ ಒಲವು ಉಳಿದೆರಡು ವಿಭಾಗಗಳನ್ನು ಎಷ್ಟರಮಟ್ಟಿಗೆ ಮುಟ್ಟುತ್ತದೆ, ಮುಟ್ಟದಂತೆ ಅವುಗಳನ್ನು ಬೇರ್ಪಡಿಸಲು ಸಾಧ್ಯವೇ ಎಂಬುದು ಮಾಧ್ಯಮ ಅಧ್ಯಯನದಲ್ಲಿ ಬಹುಕಾಲದಿಂದ ಚರ್ಚೆಯಲ್ಲಿರುವ ವಿಷಯ. ಒಲವು ಎಂದರೆ ಇಲ್ಲಿ ಸುಳ್ಳು ಸುದ್ದಿ ಎಂದರ್ಥವಲ್ಲ. ಯಾವ ಸುದ್ದಿಯನ್ನು ಎತ್ತಿಕೊಳ್ಳಬೇಕು, ಯಾವುದನ್ನು ಕೈಬಿಡಬೇಕು, ಚರ್ಚೆಗೆ ಯಾರನ್ನು ಕೂರಿಸಬೇಕು, ಒಂದು ಘಟನೆಯನ್ನು ಯಾವ ಮಾತಿನಲ್ಲಿ ಬಣ್ಣಿಸಬೇಕು ಎಂಬ ದಿನನಿತ್ಯದ ಆಯ್ಕೆಗಳು ವರ್ಷಗಟ್ಟಲೆ ಒಂದೇ ಕಡೆಗೆ ವಾಲಿದಾಗ ಮೂಡುವ ಒಟ್ಟು ಧೋರಣೆ ಅದು. ಅಮೆರಿಕದ ಫಾಕ್ಸ್ ಸಮೂಹ ಈ ಚರ್ಚೆಗೆ ಅತ್ಯಂತ ಸ್ಪಷ್ಟ ನಿದರ್ಶನ. ಅದರ ಸುದ್ದಿ ವಾಹಿನಿ ಬಲಪಂಥೀಯ ವೀಕ್ಷಕರ ನೆಚ್ಚಿನ ತಾಣವಾಗಿದ್ದರೆ, ಅದೇ ಹೆಸರಿನ ಪ್ರಸಾರ ಜಾಲವು ಎಲ್ಲ ಪಕ್ಷಗಳ ಮತದಾರರೂ ಕೂತು ನೋಡುವ ಅಮೆರಿಕನ್ ಫುಟ್‌ಬಾಲ್ ಪಂದ್ಯಗಳನ್ನೂ, ಅಧಿಕಾರಸ್ಥರನ್ನೆಲ್ಲ ಗೇಲಿ ಮಾಡುವ ‘ದ ಸಿಂಪ್ಸನ್ಸ್’ ಎಂಬ ಕಾರ್ಟೂನ್ ಧಾರಾವಾಹಿಯನ್ನೂ ತೋರಿಸುತ್ತದೆ.

ಈ ಪ್ರಶ್ನೆಗೆ ಒಂದೇ ಉತ್ತರ ಹುಡುಕಿದವರು ಸಾಮಾನ್ಯವಾಗಿ ಎಡವಿರುವುದು ತಯಾರಿಕೆ, ಹಣ ಮತ್ತು ಪರಿಣಾಮ ಎಂಬ ಬೇರೆ ಬೇರೆ ನೆಲೆಗಳನ್ನು ಒಟ್ಟಿಗೆ ಕಲಸಿದ್ದರಿಂದ. ಕಾರ್ಯಕ್ರಮವನ್ನು ಯಾರು ರೂಪಿಸುತ್ತಾರೆ ಎಂದು ಕೇಳಿದರೆ ಫಾಕ್ಸ್‌ನ ವಿಭಾಗಗಳು ಬಹುಮಟ್ಟಿಗೆ ಬೇರೆಬೇರೆಯಾಗಿಯೇ ಕಾಣುತ್ತವೆ. ವೀಕ್ಷಕನ ಚಂದಾ ಹಣ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಅವು ಬೇರ್ಪಡಿಸಲಾರದಷ್ಟು ಹೆಣೆದುಕೊಂಡಿವೆ. ಪರಿಣಾಮದ ವಿಚಾರ ಇನ್ನೂ ತೊಡಕಿನದು, ಅದನ್ನು ಮುಂದೆ ನೋಡಬಹುದು.

ಸಮೂಹದ ಇತಿಹಾಸದಲ್ಲಿ ಸುದ್ದಿ ಬಂದದ್ದು ಕೊನೆಗೆ. ಆಸ್ಟ್ರೇಲಿಯಾ ಮೂಲದ ಪತ್ರಿಕೋದ್ಯಮಿ ರೂಪರ್ಟ್ ಮರ್ಡಾಕ್ 1985ರಲ್ಲಿ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಚಿತ್ರಸಂಸ್ಥೆಯನ್ನು ವಶಕ್ಕೆ ತೆಗೆದುಕೊಂಡು, ಮೆಟ್ರೊಮೀಡಿಯಾ ಕಂಪನಿಯ ಟಿವಿ ಕೇಂದ್ರಗಳನ್ನು ಕೊಳ್ಳಲು ಒಪ್ಪಂದ ಮಾಡಿಕೊಂಡರು. ಅಮೆರಿಕದ ಸಂಪರ್ಕ ಕಾನೂನು ಪ್ರಸಾರ ಕೇಂದ್ರಗಳ ವಿದೇಶಿ ಒಡೆತನಕ್ಕೆ ಮಿತಿ ಹಾಕಿದ್ದರಿಂದ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅವರು ಅಮೆರಿಕದ ಪೌರತ್ವವನ್ನೇ ಪಡೆದರು. 1986ರ ಅಕ್ಟೋಬರ್‌ನಲ್ಲಿ ಫಾಕ್ಸ್ ಪ್ರಸಾರ ಜಾಲ ಆರಂಭವಾದಾಗ ಅದರಲ್ಲಿ ಇದ್ದದ್ದು ಜೋನ್ ರಿವರ್ಸ್ ನಡೆಸುತ್ತಿದ್ದ ತಡರಾತ್ರಿಯ ಹರಟೆ ಕಾರ್ಯಕ್ರಮ ಮಾತ್ರ. ಮೂರು ದೊಡ್ಡ ಜಾಲಗಳಾದ ಎಬಿಸಿ, ಸಿಬಿಎಸ್, ಎನ್‌ಬಿಸಿಗಳ ನಡುವೆ ಜಾಗ ಮಾಡಿಕೊಳ್ಳಬೇಕಾಗಿದ್ದ ಈ ಹೊಸಬ, ಮಿಕ್ಕವರು ತೋರಿಸಲು ಹಿಂಜರಿಯುತ್ತಿದ್ದ ತುಂಟ, ಒರಟು ಹಾಸ್ಯವನ್ನೇ ಬಂಡವಾಳ ಮಾಡಿಕೊಂಡಿತು. 1989ರ ಡಿಸೆಂಬರ್‌ನಲ್ಲಿ ಬಂದ ಸಿಂಪ್ಸನ್ಸ್ ಅದಕ್ಕೆ ಗುರುತು ತಂದುಕೊಟ್ಟಿತು.

ಗುರುತು ಸಿಕ್ಕರೂ ಗಾತ್ರ ಸಿಕ್ಕಿರಲಿಲ್ಲ. ಅದನ್ನು ಕೊಟ್ಟದ್ದು ಕ್ರೀಡೆ. ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಅಂದರೆ ಎನ್‌ಎಫ್‌ಎಲ್‌ನ ಒಂದು ಭಾಗದ ಪಂದ್ಯಗಳ ಪ್ರಸಾರ ಹಕ್ಕು 1956ರಿಂದಲೂ ಸಿಬಿಎಸ್ ಕೈಯಲ್ಲಿತ್ತು. 1993ರ ಡಿಸೆಂಬರ್‌ನಲ್ಲಿ ಫಾಕ್ಸ್ ನಾಲ್ಕು ವರ್ಷಗಳಿಗೆ 158 ಕೋಟಿ ಡಾಲರ್ ಕೊಡುವುದಾಗಿ ಹೇಳಿ ಅದನ್ನು ಕಸಿದುಕೊಂಡಿತು. ಅಷ್ಟು ಹಣ ಆ ಪಂದ್ಯಗಳಿಂದಲೇ ಹುಟ್ಟುವುದಿಲ್ಲವೆಂದು ಉದ್ಯಮದವರೆಲ್ಲ ಆಡಿಕೊಂಡರು, ಆದರೆ ಮರ್ಡಾಕ್ ಕೊಂಡದ್ದು ಪಂದ್ಯಗಳನ್ನಷ್ಟೇ ಅಲ್ಲ, ಕೇಂದ್ರಗಳನ್ನು. ಅಮೆರಿಕದಲ್ಲಿ ರಾಷ್ಟ್ರೀಯ ಜಾಲವು ತನ್ನ ಕಾರ್ಯಕ್ರಮಗಳನ್ನು ಊರೂರಿನ ಸ್ಥಳೀಯ ಕೇಂದ್ರಗಳ ಮೂಲಕ ತಲುಪಿಸುತ್ತದೆ. ಆ ಕೇಂದ್ರಗಳಲ್ಲಿ ಕೆಲವು ಜಾಲದ ಸ್ವಂತದ್ದಾಗಿದ್ದರೆ ಹೆಚ್ಚಿನವು ಬೇರೆ ಕಂಪನಿಗಳಿಗೆ ಸೇರಿದ್ದು, ಒಪ್ಪಂದದ ಮೇಲೆ ಜಾಲಕ್ಕೆ ಜೋಡಿಕೊಂಡಿರುತ್ತವೆ. 1994ರ ಮೇ ತಿಂಗಳಲ್ಲಿ ಫಾಕ್ಸ್ ನ್ಯೂ ವರ್ಲ್ಡ್ ಕಮ್ಯುನಿಕೇಷನ್ಸ್ ಎಂಬ ಕಂಪನಿಯಲ್ಲಿ 50 ಕೋಟಿ ಡಾಲರ್ ಹೂಡಿ, ಅದರ 12 ಕೇಂದ್ರಗಳನ್ನು ಹಳೆಯ ಜಾಲಗಳಿಂದ ತನ್ನತ್ತ ಸೆಳೆಯಿತು. ಫುಟ್‌ಬಾಲ್ ಇಲ್ಲದಿದ್ದರೆ ಆ ಕೇಂದ್ರಗಳು ಬರುತ್ತಿರಲಿಲ್ಲ. ಇಂದು ಕ್ರೀಡಾ ಪ್ರಸಾರದಲ್ಲಿ ಎಲ್ಲೆಡೆ ಮಾಮೂಲಾಗಿರುವ, ಪರದೆಯ ಮೂಲೆಯಲ್ಲಿ ಸದಾ ನಿಲ್ಲುವ ಸ್ಕೋರು ಮತ್ತು ಸಮಯದ ಪಟ್ಟಿಯನ್ನು ಅಮೆರಿಕದ ಫುಟ್‌ಬಾಲ್ ವೀಕ್ಷಕರಿಗೆ ರೂಢಿ ಮಾಡಿಸಿದ್ದೂ ಅದೇ ವರ್ಷ, ಡೇವಿಡ್ ಹಿಲ್ ಅವರ ನೇತೃತ್ವದ ಫಾಕ್ಸ್ ಸ್ಪೋರ್ಟ್ಸ್.

ಫಾಕ್ಸ್ ನ್ಯೂಸ್ ಹುಟ್ಟಿದ್ದು ಇಷ್ಟೆಲ್ಲ ಆದಮೇಲೆ, 1996ರ ಅಕ್ಟೋಬರ್ 7ರಂದು. ಇದು ಮೇಲೆ ಹೇಳಿದ ಪ್ರಸಾರ ಜಾಲದ ಭಾಗವಲ್ಲ, ಕೇಬಲ್, ಉಪಗ್ರಹದಂಥ ಚಂದಾ ಸೇವೆಗಳ ಮೂಲಕ ತಲುಪುವ ಪ್ರತ್ಯೇಕ ವಾಹಿನಿ. ನಿಕ್ಸನ್, ರೇಗನ್ ಮತ್ತು ಹಿರಿಯ ಬುಷ್ ಅವರ ಚುನಾವಣಾ ಪ್ರಚಾರಗಳಲ್ಲಿ ಮಾಧ್ಯಮ ಸಲಹೆಗಾರರಾಗಿದ್ದ ರಾಜರ್ ಏಲ್ಸ್ ಅದರ ಸ್ಥಾಪಕ ಮುಖ್ಯಸ್ಥರು. ಹೊಸ ವಾಹಿನಿಗಳು ಕೇಬಲ್ ಕಂಪನಿಗಳಿಂದ ಹಣ ಪಡೆಯುವುದು ಪದ್ಧತಿಯಾಗಿದ್ದಾಗ ಮರ್ಡಾಕ್ ತಾವೇ ಕೇಬಲ್ ಕಂಪನಿಗಳಿಗೆ ಚಂದಾದಾರರ ಲೆಕ್ಕದಲ್ಲಿ ಹಣ ಕೊಟ್ಟು ವಾಹಿನಿಯನ್ನು ಮನೆಗಳಿಗೆ ತಲುಪಿಸಿದರು. 2002ರ ಹೊತ್ತಿಗೆ ಅದು ಸಿಎನ್‌ಎನ್‌ ಅನ್ನು ಹಿಂದಿಕ್ಕಿ ಅಮೆರಿಕದ ಅತಿ ಹೆಚ್ಚು ವೀಕ್ಷಕರ ಕೇಬಲ್ ಸುದ್ದಿ ವಾಹಿನಿಯಾಯಿತು. ಹಗಲಿನ ವರದಿಗಾರಿಕೆ ಒಂದು ತರಹ, ಸಂಜೆಯ ಅಭಿಪ್ರಾಯ ಕಾರ್ಯಕ್ರಮಗಳು ಇನ್ನೊಂದು ತರಹ ಎಂದು ಸಂಸ್ಥೆ ಹೇಳಿಕೊಳ್ಳುತ್ತ ಬಂದಿದೆ. ವೀಕ್ಷಕರನ್ನು ಕಟ್ಟಿಹಾಕಿದ್ದು ಮಾತ್ರ ಸಂಜೆಯ ಕಾರ್ಯಕ್ರಮಗಳೇ.

ತಯಾರಿಕೆಯ ನೆಲೆಯಲ್ಲಿ ವಿಭಾಗಗಳ ನಡುವಿನ ಅಂತರ ಹೊರಗಿನವರು ಊಹಿಸುವುದಕ್ಕಿಂತ ಹೆಚ್ಚು. ಫಾಕ್ಸ್ ಪ್ರಸಾರ ಜಾಲಕ್ಕೆ ಎಬಿಸಿ, ಸಿಬಿಎಸ್‌ಗಳಿಗೆ ಇರುವಂಥ ಪ್ರತಿದಿನದ ರಾಷ್ಟ್ರೀಯ ಸಂಜೆ ವಾರ್ತೆಯೇ ಇಲ್ಲ. ವಾರಕ್ಕೊಮ್ಮೆ ಬರುವ ‘ಫಾಕ್ಸ್ ನ್ಯೂಸ್ ಸಂಡೇ’ ಸಂದರ್ಶನ ಕಾರ್ಯಕ್ರಮವೇ ಅದರ ಮುಖ್ಯ ರಾಷ್ಟ್ರೀಯ ಸುದ್ದಿ. ಊರಿನ ಫಾಕ್ಸ್ ಕೇಂದ್ರ ರಾತ್ರಿ 10 ಗಂಟೆಗೆ ಓದುವ ವಾರ್ತೆಯನ್ನು ಆ ಊರಿನ ಸಿಬ್ಬಂದಿಯೇ ಸಿದ್ಧಪಡಿಸುತ್ತಾರೆ, ಅದರಲ್ಲಿ ಹೆಚ್ಚಿನಂಶ ಬೆಂಕಿ ಅನಾಹುತ, ರಸ್ತೆ, ಶಾಲೆ, ಹವಾಮಾನ. ಆದರೂ ಗೋಡೆ ಎಲ್ಲ ಕಾಲಕ್ಕೂ ಒಂದೇ ದಪ್ಪವಾಗಿರಲಿಲ್ಲ: 2005ರಲ್ಲಿ ಏಲ್ಸ್ ಅವರಿಗೆ ಸುದ್ದಿ ವಾಹಿನಿಯ ಜೊತೆಗೆ ಸಮೂಹದ ಸ್ವಂತ ಕೇಂದ್ರಗಳ ಅಧ್ಯಕ್ಷ ಸ್ಥಾನವನ್ನೂ ಕೊಡಲಾಗಿತ್ತು.

ಕಾನೂನು ಕೂಡ ಈ ಅಂತರವನ್ನು ತನ್ನದೇ ರೀತಿಯಲ್ಲಿ ಗುರುತಿಸುತ್ತದೆ. ಅಮೆರಿಕದ ಸಂಪರ್ಕ ಆಯೋಗ (ಎಫ್‌ಸಿಸಿ) ಪರವಾನಗಿ ಕೊಡುವುದು ಸಾರ್ವಜನಿಕ ತರಂಗಗಳನ್ನು ಬಳಸುವ ಸ್ಥಳೀಯ ಕೇಂದ್ರಗಳಿಗೆ. ಕೇಬಲ್ ವಾಹಿನಿಗೆ ಅಂಥ ಪರವಾನಗಿ ಬೇಕಿಲ್ಲ. ವಿವಾದಿತ ವಿಷಯಗಳಲ್ಲಿ ಎರಡೂ ಪಕ್ಷದ ವಾದಕ್ಕೆ ಜಾಗ ಕೊಡಬೇಕೆಂಬ 1949ರ ‘ನ್ಯಾಯಯುತತೆಯ ನಿಯಮ’ 1987ರಲ್ಲಿ ರದ್ದಾದದ್ದರಿಂದಲೇ ಫಾಕ್ಸ್ ನ್ಯೂಸ್ ಸಾಧ್ಯವಾಯಿತು ಎಂಬ ಮಾತು ಅಮೆರಿಕದಲ್ಲಿ ಜನಜನಿತವಾಗಿದ್ದರೂ ಅದು ಅಷ್ಟು ಸರಿಯಲ್ಲ, ಏಕೆಂದರೆ ಆ ನಿಯಮ ಅನ್ವಯಿಸುತ್ತಿದ್ದದ್ದು ಪ್ರಸಾರ ಕೇಂದ್ರಗಳಿಗೆ. ಸುದ್ದಿಯ ಹೊಣೆಯನ್ನು ಕೇಂದ್ರದ ಮೇಲೆ ಹೊರಿಸಬಹುದೇ ಎಂಬ ಪ್ರಶ್ನೆ ನೇರವಾಗಿ ಎದುರಾದದ್ದು ಫಿಲಡೆಲ್ಫಿಯಾದಲ್ಲಿ. 2020ರ ಅಧ್ಯಕ್ಷೀಯ ಚುನಾವಣೆಯಲ್ಲಿ ಮತಯಂತ್ರಗಳಿಂದ ಅಕ್ರಮ ನಡೆಯಿತೆಂಬ ಸುಳ್ಳು ಆರೋಪಗಳನ್ನು ಬಿತ್ತರಿಸಿದ್ದಕ್ಕಾಗಿ ಡೊಮಿನಿಯನ್ ಎಂಬ ಮತಯಂತ್ರ ಕಂಪನಿ ಹೂಡಿದ ಮಾನನಷ್ಟ ಮೊಕದ್ದಮೆಯಲ್ಲಿ ಫಾಕ್ಸ್ 2023ರ ಏಪ್ರಿಲ್‌ನಲ್ಲಿ 78.75 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು. ಆ ಬಳಿಕ ಮೀಡಿಯಾ ಆ್ಯಂಡ್ ಡೆಮಾಕ್ರಸಿ ಪ್ರಾಜೆಕ್ಟ್ ಎಂಬ ನಾಗರಿಕ ಸಂಘಟನೆಯು, ಸುದ್ದಿ ವಾಹಿನಿಯಲ್ಲಿ ಹೀಗೆ ನಡೆದುಕೊಂಡ ಮಾಲೀಕರಿಗೆ ಫಿಲಡೆಲ್ಫಿಯಾದ ಫಾಕ್ಸ್ 29 ಕೇಂದ್ರದ ಪರವಾನಗಿಯನ್ನು ನವೀಕರಿಸಬಾರದು ಎಂದು ಆಯೋಗವನ್ನು ಕೋರಿತು. 2025ರ ಜನವರಿಯಲ್ಲಿ ಆಯೋಗದ ಅಂದಿನ ಅಧ್ಯಕ್ಷೆ ಜೆಸಿಕಾ ರೋಸೆನ್‌ವರ್ಸೆಲ್ ಈ ಅರ್ಜಿಯನ್ನೂ, ಎಬಿಸಿ, ಸಿಬಿಎಸ್, ಎನ್‌ಬಿಸಿ ಕೇಂದ್ರಗಳ ವಿರುದ್ಧ ಬಲಪಂಥೀಯರು ಸಲ್ಲಿಸಿದ್ದ ದೂರುಗಳನ್ನೂ ಒಟ್ಟಿಗೆ ತಳ್ಳಿಹಾಕಿದರು. ಕೆಲವೇ ದಿನಗಳಲ್ಲಿ ಆಯೋಗದ ಅಧ್ಯಕ್ಷರಾದ ಬ್ರೆಂಡನ್ ಕಾರ್ ಉಳಿದ ಮೂರು ದೂರುಗಳಿಗೆ ಮತ್ತೆ ಜೀವ ಕೊಟ್ಟರು, ಫಾಕ್ಸ್ ಕೇಂದ್ರದ ವಿರುದ್ಧದ್ದಕ್ಕೆ ಕೊಡಲಿಲ್ಲ. ಸುದ್ದಿಯನ್ನೂ ಕೇಂದ್ರವನ್ನೂ ಬೇರೆಯಾಗಿ ನೋಡಬೇಕೆಂಬ ತತ್ತ್ವ ಎಷ್ಟು ಬೇಗ ಪಕ್ಷದ ಅನುಕೂಲಕ್ಕೆ ಬಗ್ಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ದಾಖಲೆ ಬೇಕಿಲ್ಲ.

ಮನರಂಜನಾ ವಿಭಾಗದ ಸ್ವಾತಂತ್ರ್ಯಕ್ಕೆ ಸಿಂಪ್ಸನ್ಸ್‌ಗಿಂತ ದೊಡ್ಡ ಸಾಕ್ಷಿ ಇಲ್ಲ. ಫಾಕ್ಸ್ ನ್ಯೂಸ್‌ನ ಪರದೆಯ ಕೆಳಗೆ ಹರಿಯುವ ಸುದ್ದಿಪಟ್ಟಿಯನ್ನು 2003ರ ಒಂದು ಕಂತಿನಲ್ಲಿ ಅದು ಅಣಕಿಸಿತು. ಅದಕ್ಕಾಗಿ ಸುದ್ದಿ ವಾಹಿನಿ ದಾವೆಯ ಬೆದರಿಕೆ ಹಾಕಿತ್ತೆಂದು ಧಾರಾವಾಹಿಯ ಸೃಷ್ಟಿಕರ್ತ ಮ್ಯಾಟ್ ಗ್ರೇನಿಂಗ್ ಹೇಳಿದರು, ವಾಹಿನಿ ಅದನ್ನು ನಿರಾಕರಿಸಿತು. 2010ರಲ್ಲಿ ಕಂತೊಂದರ ಆರಂಭದಲ್ಲಿ ಹಾರುವ ಫಾಕ್ಸ್ ನ್ಯೂಸ್ ಹೆಲಿಕಾಪ್ಟರ್‌ನ ಮೇಲೆ ವಾಹಿನಿಯ ವೀಕ್ಷಕರನ್ನು ಚುಚ್ಚುವ ಸಾಲು ಕಾಣಿಸಿಕೊಂಡಾಗ ನಿರೂಪಕ ಬಿಲ್ ಓ’ರೈಲಿ ಅದನ್ನು ತಮ್ಮ ಕಾರ್ಯಕ್ರಮದಲ್ಲೇ ಟೀಕಿಸಿದರು, ಮುಂದಿನ ವಾರ ಹೆಲಿಕಾಪ್ಟರ್ ಹೊಸದೊಂದು ಚುಚ್ಚುಮಾತಿನೊಂದಿಗೆ ಹಿಂತಿರುಗಿತು. ಇದರ ಇನ್ನೊಂದು ಮುಖವೂ ಇದೆ. 1999ರ ಜನವರಿ 31ರಂದು ಫಾಕ್ಸ್ ಜಾಲ ಎನ್‌ಎಫ್‌ಎಲ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ತೋರಿಸಿದ ಬೆನ್ನಿಗೆ ಬಂದ ಸಿಂಪ್ಸನ್ಸ್ ಕಂತಿನಲ್ಲಿ ಮರ್ಡಾಕ್ ಸ್ವತಃ ತಮ್ಮ ಪಾತ್ರಕ್ಕೆ ಕಂಠದಾನ ಮಾಡಿ, ತಮ್ಮನ್ನು ನಿರಂಕುಶ ಕೋಟ್ಯಧಿಪತಿಯೆಂದೇ ಪರಿಚಯಿಸಿಕೊಂಡರು. ಮಾಲೀಕನನ್ನು ಗೇಲಿ ಮಾಡುವ ಹಾಸ್ಯದಿಂದ ಲಾಭವಾಗುವುದು ಮಾಲೀಕನಿಗೇ ಆದಾಗ ಆ ಹಾಸ್ಯವನ್ನು ಬಂಡಾಯವೆಂದು ಕರೆಯುವುದು ತುಸು ಅತಿಯಾಗುತ್ತದೆ. ಸ್ವಾತಂತ್ರ್ಯವೆಂದು ಕರೆಯಲು ಅಡ್ಡಿಯಿಲ್ಲ.

ಈ ಸ್ವಾತಂತ್ರ್ಯ ಸಾಕೆನಿಸದ ಕಲಾವಿದರೂ ಇದ್ದರು. 2018ರ ಜೂನ್‌ನಲ್ಲಿ, ಅಕ್ರಮ ವಲಸಿಗರ ಮಕ್ಕಳನ್ನು ಗಡಿಯಲ್ಲಿ ತಂದೆತಾಯಿಗಳಿಂದ ಬೇರ್ಪಡಿಸಿದ ವಿವಾದದ ಸಮಯದಲ್ಲಿ ಫಾಕ್ಸ್ ನ್ಯೂಸ್‌ನ ಧೋರಣೆಯನ್ನು ಕಂಡು ‘ಫ್ಯಾಮಿಲಿ ಗೈ’ ಧಾರಾವಾಹಿಯ ಸೇತ್ ಮ್ಯಾಕ್‌ಫಾರ್ಲೇನ್ ಈ ಕಂಪನಿಗಾಗಿ ದುಡಿಯುವುದು ನಾಚಿಕೆ ತರಿಸುತ್ತದೆ ಎಂಬರ್ಥದ ಮಾತನ್ನು ಬಹಿರಂಗವಾಗಿ ಆಡಿದರು, ಮುಂದಿನ ತಿಂಗಳು ಸಾರ್ವಜನಿಕ ರೇಡಿಯೊಗೆ 25 ಲಕ್ಷ ಡಾಲರ್ ದೇಣಿಗೆ ಕೊಟ್ಟರು. ‘ಮಾಡರ್ನ್ ಫ್ಯಾಮಿಲಿ’ಯ ಸ್ಟೀವ್ ಲೆವಿಟನ್ ಕೂಡ ಹಾಗೆಯೇ ದನಿಗೂಡಿಸಿದರು. ಆ ಧಾರಾವಾಹಿ ಪ್ರಸಾರವಾಗುತ್ತಿದ್ದದ್ದು ಎಬಿಸಿಯಲ್ಲಿ. ಅದನ್ನು ತಯಾರಿಸುತ್ತಿದ್ದ ಸ್ಟುಡಿಯೊ ಫಾಕ್ಸ್‌ನದು. ಅಮೆರಿಕದ ಟೆಲಿವಿಷನ್‌ನಲ್ಲಿ ತಯಾರಿಸುವವರು, ತೋರಿಸುವವರು, ಲಾಭ ಪಡೆಯುವವರು ಬೇರೆ ಬೇರೆಯಾಗಿರುವುದರಿಂದ ವೀಕ್ಷಕನು ಒಂದು ವಾಹಿನಿಯನ್ನು ದೂರವಿಟ್ಟ ಮಾತ್ರಕ್ಕೆ ಅದರ ಮಾಲೀಕನನ್ನು ದೂರವಿಟ್ಟಂತಾಗುವುದಿಲ್ಲ ಎಂಬುದನ್ನು ಈ ಪ್ರಸಂಗ ತೋರಿಸಿತು.

ಕ್ರೀಡೆಯಲ್ಲಿ ಗಡಿ ಮಸುಕಾಗುವುದು ಆಟದ ಮೈದಾನದಲ್ಲಿ ಅಲ್ಲ, ಆಟಕ್ಕೆ ಮುಂಚಿನ ಗಂಟೆಗಳಲ್ಲಿ. ಪಂದ್ಯದ ವೀಕ್ಷಕ ವಿವರಣೆಯಲ್ಲಿ ಪಕ್ಷ ರಾಜಕಾರಣದ ಸುಳಿವು ವಿರಳ, ಅದಕ್ಕೆ ಲೀಗೂ ಜಾಹೀರಾತುದಾರರೂ ಆಸ್ಪದ ಕೊಡುವುದಿಲ್ಲ. ಆದರೆ ಸೂಪರ್ ಬೌಲ್ ದಿನ ಪಂದ್ಯಕ್ಕೆ ಮೊದಲು ಅಧ್ಯಕ್ಷರ ಸಂದರ್ಶನ ತೋರಿಸುವ ರೂಢಿಯಿದ್ದು, ಪಂದ್ಯ ಫಾಕ್ಸ್‌ನ ಪಾಲಿಗೆ ಬಂದ ವರ್ಷಗಳಲ್ಲಿ ಸಂದರ್ಶಕರು ಬಂದದ್ದು ಸುದ್ದಿ ವಾಹಿನಿಯಿಂದ: 2011 ಮತ್ತು 2014ರಲ್ಲಿ ಒಬಾಮಾ ಅವರನ್ನು ಓ’ರೈಲಿ, 2020ರಲ್ಲಿ ಟ್ರಂಪ್ ಅವರನ್ನು ಶಾನ್ ಹ್ಯಾನಿಟಿ, 2025ರಲ್ಲಿ ಟ್ರಂಪ್ ಅವರನ್ನೇ ಬ್ರೆಟ್ ಬೇಯರ್ ಸಂದರ್ಶಿಸಿದರು. 2023ರಲ್ಲಿ ಬೈಡನ್ ಅವರ ಶ್ವೇತಭವನ ಒಂದು ಉಪಾಯ ಹೂಡಿತು. ಫಾಕ್ಸ್ ನ್ಯೂಸ್‌ಗೆ ಬದಲು, ಅದೇ ಸಮೂಹದ, ಕಪ್ಪು ಜನಾಂಗದ ವೀಕ್ಷಕರಿಗಾಗಿ ನಡೆಯುವ ‘ಫಾಕ್ಸ್ ಸೋಲ್’ ಎಂಬ ಪುಟ್ಟ ವಾಹಿನಿಗೆ ಸಂದರ್ಶನ ಕೊಡುವುದಾಗಿ ಹೇಳಿತು. ಕಂಪನಿಯೇ ಅದನ್ನು ಬೇಡವೆಂದಿತು ಎಂದು ಶ್ವೇತಭವನ, ಗೊಂದಲವಾಯಿತಷ್ಟೇ ಎಂದು ಕಂಪನಿ ಹೇಳಿಕೆ ಕೊಟ್ಟು, ಸಂದರ್ಶನ ನಡೆಯಲೇ ಇಲ್ಲ. ಸಮೂಹದ ಒಂದು ಬಾಗಿಲನ್ನು ಬಿಟ್ಟು ಇನ್ನೊಂದರಿಂದ ಒಳಹೋಗಲು ದೇಶದ ಅಧ್ಯಕ್ಷರಿಗೇ ಸಾಧ್ಯವಾಗಲಿಲ್ಲ.

ಹಣದ ನೆಲೆಗೆ ಬಂದರೆ ಬೇರ್ಪಡಿಸುವಿಕೆ ಇನ್ನೂ ಕಷ್ಟ. ಅಮೆರಿಕದ ಕೇಬಲ್ ಚಂದಾದಾರ ಕೊಳ್ಳುವುದು ಬಿಡಿ ವಾಹಿನಿಯನ್ನಲ್ಲ, ನೂರಾರು ವಾಹಿನಿಗಳ ಗಂಟನ್ನು. ಆ ಗಂಟಿನಲ್ಲಿರುವ ಪ್ರತಿ ವಾಹಿನಿಗೂ ಕೇಬಲ್ ಕಂಪನಿ ಪ್ರತಿ ಚಂದಾದಾರನ ಲೆಕ್ಕದಲ್ಲಿ ತಿಂಗಳಿಗಿಷ್ಟು ಎಂದು ಕೊಡುತ್ತದೆ, ನೋಡಿದರೂ ನೋಡದಿದ್ದರೂ. ಫಾಕ್ಸ್ ನ್ಯೂಸ್‌ಗೆ ಈ ರೀತಿ ಸಂದಾಯವಾಗುವುದು ಉದ್ಯಮದ ಅಂದಾಜಿನಲ್ಲಿ ಎರಡು ಡಾಲರ್‌ನ ಆಸುಪಾಸು. ಹೀಗಾಗಿ ಫುಟ್‌ಬಾಲ್‌ಗಾಗಿ ಕೇಬಲ್ ಇಟ್ಟುಕೊಂಡ ಮನೆಯವರು ಸುದ್ದಿ ವಾಹಿನಿಗೂ ಹಣ ಕಟ್ಟುತ್ತಾರೆ. ಸುದ್ದಿಗಾಗಿ ಇಟ್ಟುಕೊಂಡವರು ಫುಟ್‌ಬಾಲ್ ಹಕ್ಕಿನ ಖರ್ಚನ್ನು ಹೊರುತ್ತಾರೆ. ಜಾಹೀರಾತು ಬಹಿಷ್ಕಾರಗಳು ಫಾಕ್ಸ್ ನ್ಯೂಸ್‌ನ ಕೆಲವು ನಿರೂಪಕರನ್ನು ಅಲುಗಿಸಿದರೂ ವಾಹಿನಿಯನ್ನು ಅಲುಗಿಸದೆ ಹೋದದ್ದಕ್ಕೆ ಈ ಚಂದಾ ಹಣವೇ ಕಾರಣ. ವ್ಯಾಪಾರದ ಮಾತುಕತೆಯಲ್ಲಿ ಎರಡನ್ನೂ ಜೋಡಿಸುವುದು ಗುಟ್ಟೇನಲ್ಲ: 2014ರ ಡಿಸೆಂಬರ್ 20ರಿಂದ ಮುಂದಿನ ಜನವರಿ ಮಧ್ಯದವರೆಗೆ ಡಿಶ್ ಉಪಗ್ರಹ ಸೇವೆಯಲ್ಲಿ ಫಾಕ್ಸ್ ನ್ಯೂಸ್ ಬಂದ್ ಆಗಿದ್ದಾಗ, ಸುದ್ದಿ ವಾಹಿನಿಯ ಒಪ್ಪಂದದ ಮಾತುಕತೆಗೆ ಸಂಬಂಧವೇ ಇಲ್ಲದ ಬೇರೆ ವಾಹಿನಿಗಳನ್ನೂ ಎಳೆದು ತರಲಾಗಿದೆ ಎಂಬುದು ಡಿಶ್‌ನ ದೂರಾಗಿತ್ತು. ಕಂಪನಿಯ ಲೆಕ್ಕಪತ್ರದಲ್ಲೂ ಫಾಕ್ಸ್ ನ್ಯೂಸ್‌ಗೆ ಪ್ರತ್ಯೇಕ ಕಲಮಿಲ್ಲ. ಕೇಬಲ್ ವಿಭಾಗವೆಂಬ ಒಂದೇ ತಲೆಬರಹದಡಿ ಅದು ಎಫ್‌ಎಸ್1 ಮೊದಲಾದ ಕ್ರೀಡಾ ವಾಹಿನಿಗಳ ಜೊತೆ ಸೇರಿದೆ. ಹೂಡಿಕೆದಾರನಿಗೇ ಬಿಡಿಸಿ ತೋರಿಸದ ಲೆಕ್ಕವನ್ನು ವೀಕ್ಷಕ ಬಿಡಿಸುವುದು ಹೇಗೆ?

ಬಿಡಿ ವಾಹಿನಿಯನ್ನು ಕೊಳ್ಳುವ ಹಕ್ಕಿಗಾಗಿ ಸೆನೆಟರ್ ಜಾನ್ ಮೆಕೇನ್ 2013ರಲ್ಲಿ ಮಂಡಿಸಿದ ಮಸೂದೆ ಮುಂದಕ್ಕೆ ಸಾಗಲಿಲ್ಲ. 2024ರ ಫೆಬ್ರವರಿಯಲ್ಲಿ ಫಾಕ್ಸ್, ಡಿಸ್ನಿ ಮತ್ತು ವಾರ್ನರ್ ಬ್ರದರ್ಸ್ ಡಿಸ್ಕವರಿ ಕೂಡಿ ಮುಂದೆ ‘ವೇನು’ ಎಂಬ ಹೆಸರು ಪಡೆದ ಸೇವೆಯನ್ನು ಘೋಷಿಸಿದಾಗ, ಸುದ್ದಿ ವಾಹಿನಿಗಳನ್ನು ಬಿಟ್ಟು ಕ್ರೀಡೆ ತೋರಿಸುವ ವಾಹಿನಿಗಳನ್ನಷ್ಟೇ ಅಂತರ್ಜಾಲದಲ್ಲಿ ಮಾರುವ ಕಾಲ ಬಂತೆಂದು ಕೆಲವರು ಭಾವಿಸಿದರು. ಬೇಡದ ವಾಹಿನಿಗಳನ್ನೂ ಸೇರಿಸಿ ಕೊಳ್ಳುವಂತೆ ತನ್ನನ್ನು ಬಲವಂತ ಮಾಡುತ್ತಿದ್ದ ಕಂಪನಿಗಳೇ ಈಗ ತಮಗೆ ಮಾತ್ರ ಆ ಸೌಕರ್ಯ ಮಾಡಿಕೊಳ್ಳುತ್ತಿವೆ ಎಂದು ಫೂಬೊ ಎಂಬ ಪ್ರತಿಸ್ಪರ್ಧಿ ನ್ಯಾಯಾಲಯಕ್ಕೆ ಹೋಗಿ ಆಗಸ್ಟ್‌ನಲ್ಲಿ ತಡೆ ತಂದಿತು. 2025ರ ಜನವರಿಯಲ್ಲಿ ಯೋಜನೆಯನ್ನೇ ಕೈಬಿಡಲಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಫಾಕ್ಸ್ ತಾನೇ ಆರಂಭಿಸಿದ ‘ಫಾಕ್ಸ್ ಒನ್’ ಸೇವೆಯಲ್ಲಿ ಸುದ್ದಿ, ಕ್ರೀಡೆ, ಮನರಂಜನೆ ಮೂರೂ ಮತ್ತೆ ಒಂದೇ ಗಂಟಿನಲ್ಲಿವೆ.

ನಿಜವಾದ ಬೇರ್ಪಡೆ ಆದದ್ದು ಮಾರಾಟದಿಂದ. 2019ರ ಮಾರ್ಚ್‌ನಲ್ಲಿ ಡಿಸ್ನಿ ಸುಮಾರು 7,130 ಕೋಟಿ ಡಾಲರ್‌ಗೆ ಚಿತ್ರ ಮತ್ತು ಧಾರಾವಾಹಿ ಸ್ಟುಡಿಯೊಗಳನ್ನೂ ಹಲವು ಮನರಂಜನಾ ವಾಹಿನಿಗಳನ್ನೂ ಕೊಂಡಿತು. ಪ್ರಸಾರ ಜಾಲ, ಕೇಂದ್ರಗಳು, ಫಾಕ್ಸ್ ನ್ಯೂಸ್, ಫಾಕ್ಸ್ ಸ್ಪೋರ್ಟ್ಸ್ ಇವು ಫಾಕ್ಸ್ ಕಾರ್ಪೊರೇಷನ್ ಎಂಬ ಹೊಸ, ಚಿಕ್ಕ ಕಂಪನಿಯಾಗಿ ಮರ್ಡಾಕ್ ಕುಟುಂಬದಲ್ಲೇ ಉಳಿದವು. 2020ರ ಜನವರಿಯಲ್ಲಿ ಡಿಸ್ನಿ ಚಿತ್ರಸಂಸ್ಥೆಯ ಹೆಸರಿನಿಂದ ‘ಫಾಕ್ಸ್’ ಎಂಬುದನ್ನೇ ಕಿತ್ತು ಅದನ್ನು ಟ್ವೆಂಟಿಯತ್ ಸೆಂಚುರಿ ಸ್ಟುಡಿಯೋಸ್ ಎಂದು ಕರೆಯಿತು; ಸುದ್ದಿ ವಾಹಿನಿಯ ನೆನಪು ತರುವ ಹೆಸರು ಬೇಡವಾಯಿತು ಎಂದೇ ಉದ್ಯಮ ಅದನ್ನು ಅರ್ಥಮಾಡಿಕೊಂಡಿತು. ಸಿಂಪ್ಸನ್ಸ್ ಈಗ ಡಿಸ್ನಿಯ ಸ್ವತ್ತು, ಪ್ರಸಾರ ಮಾತ್ರ ಫಾಕ್ಸ್‌ನಲ್ಲೇ. ಇಲ್ಲಿ ಗಮನಿಸಬೇಕಾದದ್ದು, ಮನರಂಜನೆ ಸುದ್ದಿಯಿಂದ ದೂರವಾದಾಗ ಕ್ರೀಡೆ ಸುದ್ದಿಗೆ ಇನ್ನಷ್ಟು ಹತ್ತಿರವಾಯಿತು ಎಂಬುದು. ಜನ ಅದೇ ಗಳಿಗೆಯಲ್ಲಿ ಕೂತು ನೋಡುವುದು, ಜಾಹೀರಾತನ್ನು ದಾಟಿ ಮುಂದೆ ಓಡದಿರುವುದು ನೇರ ಪ್ರಸಾರದಲ್ಲಿ ಮಾತ್ರ. ನೇರ ಪ್ರಸಾರವೆಂದರೆ ಸುದ್ದಿ ಮತ್ತು ಆಟ. ಧಾರಾವಾಹಿಗಳನ್ನು ಮಾರಿ ಇವೆರಡನ್ನೇ ಇಟ್ಟುಕೊಂಡದ್ದು ಲೆಕ್ಕಾಚಾರದ ಆಯ್ಕೆ. ಇದೇ ವ್ಯವಹಾರದಲ್ಲಿ ಡಿಸ್ನಿ ಬಿಟ್ಟುಕೊಡಬೇಕಾಗಿ ಬಂದ ಪ್ರಾದೇಶಿಕ ಕ್ರೀಡಾ ವಾಹಿನಿಗಳನ್ನು ಕೊಂಡದ್ದು, ತನ್ನ ಸ್ಥಳೀಯ ಕೇಂದ್ರಗಳ ನಿರೂಪಕರಿಗೆಲ್ಲ ಒಂದೇ ಒಕ್ಕಣೆಯ ಹೇಳಿಕೆ ಓದಿಸಿ 2018ರಲ್ಲಿ ಟೀಕೆಗೆ ಗುರಿಯಾಗಿದ್ದ, ಬಲಪಂಥೀಯ ಒಲವಿನ ಸಿಂಕ್ಲೇರ್ ಕಂಪನಿ. ಆ ಕ್ರೀಡಾ ವ್ಯವಹಾರ 2023ರಲ್ಲಿ ದಿವಾಳಿ ಅರ್ಜಿ ಹಾಕಿತು, ಅದಕ್ಕೆ ಕಾರಣ ರಾಜಕೀಯವಲ್ಲ, ಕೇಬಲ್ ಬಿಟ್ಟವರ ಸಂಖ್ಯೆ ಮತ್ತು ಸಾಲ.

ಬ್ರಿಟನ್ನಿನಲ್ಲಿ ಬೇರ್ಪಡೆಯನ್ನು ಸರ್ಕಾರವೇ ಷರತ್ತಾಗಿ ಮುಂದಿಟ್ಟಿತು. ಅಲ್ಲಿ ಸುದ್ದಿ ಪ್ರಸಾರ ಕಾನೂನಿನಂತೆ ನಿಷ್ಪಕ್ಷಪಾತವಾಗಿರಬೇಕು, ಆಫ್‌ಕಾಮ್ ಎಂಬ ಸಂಸ್ಥೆ ಅದರ ಮೇಲೆ ಕಣ್ಣಿಟ್ಟಿರುತ್ತದೆ. ಆದ್ದರಿಂದ ಮರ್ಡಾಕ್ ಅವರೇ ಪಾಲುದಾರರಾಗಿದ್ದ ಸ್ಕೈ ನ್ಯೂಸ್ ಎಂದೂ ಫಾಕ್ಸ್ ನ್ಯೂಸ್‌ನಂತಾಗಲಿಲ್ಲ. ಹಾಗಿದ್ದರೂ 2010ರಲ್ಲಿ ಅವರು ಸ್ಕೈ ಕಂಪನಿಯನ್ನು ಪೂರ್ತಿ ಕೊಳ್ಳಲು ಹೊರಟಾಗ ಸ್ಕೈ ನ್ಯೂಸ್ ಅನ್ನು ಪ್ರತ್ಯೇಕ ಕಂಪನಿ ಮಾಡುವ ಭರವಸೆ ಕೊಡಬೇಕಾಯಿತು. ಅವರ ಪತ್ರಿಕೆಯೊಂದರ ಫೋನ್ ಕದ್ದಾಲಿಕೆ ಹಗರಣದಿಂದ 2011ರ ಜುಲೈನಲ್ಲಿ ಆ ಪ್ರಯತ್ನವೇ ಬಿದ್ದುಹೋಯಿತು. ಎರಡನೆಯ ಪ್ರಯತ್ನದಲ್ಲಿ, 2018ರ ಜುಲೈನಲ್ಲಿ, ಸ್ಕೈ ನ್ಯೂಸ್ ಅನ್ನು ಡಿಸ್ನಿಗೆ ಮಾರಿ ಅದಕ್ಕೆ 15 ವರ್ಷ ಕಾಲ ವರ್ಷಕ್ಕೆ ಕನಿಷ್ಠ 10 ಕೋಟಿ ಪೌಂಡ್ ಅನುದಾನ ಖಾತರಿಪಡಿಸಬೇಕೆಂಬ ಷರತ್ತಿನ ಮೇಲೆ ಸರ್ಕಾರ ಒಪ್ಪಿತು. ಫುಟ್‌ಬಾಲ್ ಮತ್ತು ಸಿನಿಮಾ ಒಂದು ಕಡೆಗೆ, ಸುದ್ದಿ ಇನ್ನೊಂದು ಕಡೆಗೆ ಎಂಬ ಇಷ್ಟು ನೇರವಾದ ಏರ್ಪಾಡು ಮತ್ತೆಲ್ಲೂ ಅಪರೂಪ. ಹರಾಜಿನಲ್ಲಿ ಕಾಮ್‌ಕಾಸ್ಟ್ ಗೆದ್ದದ್ದರಿಂದ ಅದನ್ನು ಜಾರಿಗೆ ತರುವ ಸಂದರ್ಭ ಬರಲಿಲ್ಲ.

ಭಾರತದಲ್ಲಿ ಆಗ ಮರ್ಡಾಕ್ ಅವರದಾಗಿದ್ದ ಸ್ಟಾರ್ ಸಮೂಹ ಇಂಥದೇ ಗೆರೆಯನ್ನು ಬೇರೆ ಕಾರಣಕ್ಕೆ ಎಳೆಯಬೇಕಾಯಿತು. 2003ರಲ್ಲಿ ಕೇಂದ್ರ ಸರ್ಕಾರ ಸುದ್ದಿ ವಾಹಿನಿಗಳಲ್ಲಿ ವಿದೇಶಿ ಪಾಲಿಗೆ ಶೇಕಡಾ 26ರ ಮಿತಿ ಹಾಕಿತು. ಸುದ್ದಿಯೇತರ ವಾಹಿನಿಗಳಿಗೆ ಆ ಮಿತಿ ಇರಲಿಲ್ಲ. ಅಲ್ಲಿಯವರೆಗೆ ಎನ್‌ಡಿಟಿವಿ ತಯಾರಿಸಿಕೊಡುತ್ತಿದ್ದ ಸ್ಟಾರ್ ನ್ಯೂಸ್, ಆನಂದ ಬಜಾರ್ ಪತ್ರಿಕಾ ಸಮೂಹದ ಬಹುಪಾಲು ಒಡೆತನಕ್ಕೆ ಹೋಗಿ, 2012ರಲ್ಲಿ ಸ್ಟಾರ್ ಪೂರ್ತಿ ಹಿಂದೆ ಸರಿದಾಗ ಎಬಿಪಿ ನ್ಯೂಸ್ ಆಯಿತು. ಕರ್ನಾಟಕದಲ್ಲಿ ಇದರ ಗುರುತು ಇಂದಿಗೂ ಕಾಣುತ್ತದೆ. 2007ರಲ್ಲಿ ಆರಂಭವಾದ ಏಷ್ಯಾನೆಟ್ ಸುವರ್ಣ ಮನರಂಜನಾ ವಾಹಿನಿ ಮರುವರ್ಷದ ಒಪ್ಪಂದದ ಮೂಲಕ ಸ್ಟಾರ್ ಕಡೆಗೆ ಸರಿದು ಮುಂದೆ ಸ್ಟಾರ್ ಸುವರ್ಣವಾಯಿತು. ಸುವರ್ಣ ನ್ಯೂಸ್ ಮಾತ್ರ ಉದ್ಯಮಿ, ರಾಜಕಾರಣಿ ರಾಜೀವ್ ಚಂದ್ರಶೇಖರ್ ಅವರ ಸಮೂಹದಲ್ಲೇ ಉಳಿಯಿತು. ಧಾರಾವಾಹಿಯ ಸುವರ್ಣ ಮತ್ತು ಸುದ್ದಿಯ ಸುವರ್ಣ ಹೆಸರನ್ನಷ್ಟೇ ಹಂಚಿಕೊಂಡಿವೆ, ಮಾಲೀಕರನ್ನಲ್ಲ. ಫಾಕ್ಸ್‌ನಲ್ಲಿ ಮಾಲೀಕ ಒಬ್ಬನೇ ಆಗಿ ಕೆಲಸ ಬೇರೆಬೇರೆಯಾದರೆ ಇಲ್ಲಿ ತಿರುವುಮುರುವು. ಚಂದಾ ವಿಷಯದಲ್ಲೂ ಭಾರತ ಅಮೆರಿಕಕ್ಕಿಂತ ಒಂದು ಹೆಜ್ಜೆ ಮುಂದಿದೆ: 2019ರಿಂದ ಜಾರಿಗೆ ಬಂದ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದಂತೆ ಪ್ರತಿ ಪಾವತಿ ವಾಹಿನಿಯ ಬಿಡಿ ಬೆಲೆಯನ್ನು ಪ್ರಕಟಿಸಬೇಕು, ಬೇಕಾದದ್ದನ್ನಷ್ಟೇ ಆರಿಸಿಕೊಳ್ಳುವ ಹಕ್ಕು ಗ್ರಾಹಕನಿಗಿದೆ. ಗುಂಪಾಗಿ ಕೊಂಡರೆ ಅಗ್ಗವಾಗುವಂತೆ ಕಂಪನಿಗಳು ಬೆಲೆ ಇಡುವುದರಿಂದ ಆ ಹಕ್ಕನ್ನು ಬಳಸುವವರು ಕಡಿಮೆ ಎಂಬುದು ಬೇರೆ ಮಾತು.

ಪರಿಣಾಮದ ಬಗ್ಗೆ ನಡೆದಿರುವ ಎರಡು ಸಂಶೋಧನೆಗಳನ್ನು ಒಟ್ಟಿಗಿಟ್ಟು ಓದಬೇಕು. ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಈಥನ್ ಕಪ್ಲನ್ 2007ರಲ್ಲಿ ಪ್ರಕಟಿಸಿದ ಅಧ್ಯಯನ, 1996ರಿಂದ 2000ದ ನಡುವೆ ಫಾಕ್ಸ್ ನ್ಯೂಸ್ ಕೆಲವು ಊರುಗಳ ಕೇಬಲ್‌ಗೆ ಮೊದಲು, ಕೆಲವಕ್ಕೆ ತಡವಾಗಿ ಬಂದದ್ದನ್ನು ಬಳಸಿಕೊಂಡು 9,256 ಊರುಗಳ ಮತದಾನವನ್ನು ಹೋಲಿಸಿ, ವಾಹಿನಿ ಬಂದ ಕಡೆ ರಿಪಬ್ಲಿಕನ್ ಮತಪ್ರಮಾಣ ಶೇಕಡಾ 0.4ರಿಂದ 0.7 ಅಂಶದಷ್ಟು ಏರಿತೆಂದು ಲೆಕ್ಕಹಾಕಿತು. ಇದು ಸುದ್ದಿಯ ಪರಿಣಾಮ. ಇಟಲಿಯಲ್ಲಿ ಸಿಲ್ವಿಯೊ ಬರ್ಲುಸ್ಕೋನಿ ಅವರ ಮೀಡಿಯಾಸೆಟ್ ವಾಹಿನಿಗಳ ಕುರಿತು ರೂಬೆನ್ ಡುರಾಂಟೆ, ಪಾವೊಲೊ ಪಿನೊಟ್ಟಿ, ಆಂಡ್ರಿಯಾ ಟೆಸೆಯಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ಕಂಡುಕೊಂಡದ್ದು ಇದಕ್ಕಿಂತ ಅಚ್ಚರಿಯ ಸಂಗತಿ. 1985ಕ್ಕೆ ಮೊದಲೇ, ಆ ವಾಹಿನಿಗಳಲ್ಲಿ ಸುದ್ದಿಯೇ ಇಲ್ಲದೆ ಧಾರಾವಾಹಿ, ಆಟದ ಕಾರ್ಯಕ್ರಮಗಳಷ್ಟೇ ಇದ್ದಾಗ, ಅವುಗಳ ಸಂಕೇತ ಸಿಗುತ್ತಿದ್ದ ಊರುಗಳಲ್ಲಿ 1994ರ ಚುನಾವಣೆಯಲ್ಲಿ ಬರ್ಲುಸ್ಕೋನಿ ಅವರ ಪಕ್ಷಕ್ಕೆ ಸುಮಾರು ಒಂದು ಶೇಕಡಾ ಅಂಶ ಹೆಚ್ಚು ಮತ ಬಿದ್ದಿತು, ಮುಂದಿನ ಹಲವು ಚುನಾವಣೆಗಳಲ್ಲೂ ಆ ಪರಿಣಾಮ ಉಳಿಯಿತು. ಮನರಂಜನೆಗೆ ಒಗ್ಗಿದ ಹಿರಿಯರು 1990ರ ದಶಕದಲ್ಲಿ ಸುದ್ದಿ ಶುರುವಾದಾಗ ಅದೇ ವಾಹಿನಿಯ ಸುದ್ದಿಗೆ ಅಂಟಿಕೊಂಡರು ಎಂಬುದು ಅಧ್ಯಯನ ಕೊಡುವ ಕಾರಣಗಳಲ್ಲಿ ಒಂದು. ಮಿಲಾನ್ ಫುಟ್‌ಬಾಲ್ ಕ್ಲಬ್ಬಿನ ಮಾಲೀಕರೂ ಆಗಿದ್ದ ಬರ್ಲುಸ್ಕೋನಿ ತಮ್ಮ ಪಕ್ಷಕ್ಕೆ ‘ಫೋರ್ತ್ಸಾ ಇತಾಲಿಯಾ’ ಎಂದು ಕ್ರೀಡಾಂಗಣದ ಘೋಷಣೆಯನ್ನೇ ಹೆಸರಾಗಿಟ್ಟದ್ದು ಆಕಸ್ಮಿಕವಲ್ಲ. ಸುದ್ದಿಯನ್ನು ನೋಡದೆ ಆಟವನ್ನು ಮಾತ್ರ ನೋಡಿದರೆ ಒಲವಿನಿಂದ ಪಾರಾದಂತೆ ಎಂಬ ನಂಬಿಕೆಗೆ ಇಟಲಿಯ ಈ ಅನುಭವ ದೊಡ್ಡ ಅಡ್ಡಿ.

ಬೇರ್ಪಡೆಯ ವಿಷಯದಲ್ಲಿ ಫಾಕ್ಸ್‌ಗೆ ಎದುರು ದಿಕ್ಕಿನ ಉದಾಹರಣೆ ಅಮೆರಿಕದಲ್ಲೇ ಈಚೆಗೆ ಸಿದ್ಧವಾಗಿದೆ. ಉದಾರವಾದಿ ಒಲವಿನ ಎಂಎಸ್‌ಎನ್‌ಬಿಸಿ ವಾಹಿನಿಯನ್ನು ಕಾಮ್‌ಕಾಸ್ಟ್ ಇತರ ಕೇಬಲ್ ವಾಹಿನಿಗಳೊಂದಿಗೆ ವರ್ಸಂಟ್ ಎಂಬ ಪ್ರತ್ಯೇಕ ಕಂಪನಿಯಾಗಿ ಹೊರಹಾಕಿತು. 2025ರ ನವೆಂಬರ್‌ನಲ್ಲಿ ವಾಹಿನಿ ಎಂಎಸ್ ನೌ ಎಂದು ಹೆಸರು ಬದಲಿಸಿ, ಎನ್‌ಬಿಸಿಯ ನವಿಲು ಚಿಹ್ನೆಯನ್ನೂ ಬಿಟ್ಟಿತು. ಭಾನುವಾರ ರಾತ್ರಿಯ ಫುಟ್‌ಬಾಲ್, ಒಲಿಂಪಿಕ್ಸ್, ಎನ್‌ಬಿಸಿ ನ್ಯೂಸ್ ಹಳೆಯ ಮನೆಯಲ್ಲೇ ಉಳಿದವು. ಇಲ್ಲಿಯೂ ತಳ್ಳಿದ್ದು ತತ್ತ್ವವಲ್ಲ, ಕುಗ್ಗುತ್ತಿರುವ ಕೇಬಲ್ ವರಮಾನ.

ಫಾಕ್ಸ್‌ನಲ್ಲಿ ಅಂಥ ಬೇರ್ಪಡೆಯ ಸೂಚನೆಯಿಲ್ಲ. ಸಮೂಹದ ಧೋರಣೆಯನ್ನು ಒಪ್ಪದ ಜೇಮ್ಸ್ ಮರ್ಡಾಕ್ ಮತ್ತು ಅವರ ಇಬ್ಬರು ಸಹೋದರಿಯರ ಪಾಲನ್ನು ತೀರಿಸಿ, 2025ರ ಸೆಪ್ಟೆಂಬರ್‌ನ ಕೌಟುಂಬಿಕ ಒಪ್ಪಂದದಲ್ಲಿ ಹಿಡಿತವನ್ನು ಹಿರಿಯ ಮಗ ಲಾಕ್ಲನ್ ಅವರಿಗೆ ಖಚಿತಪಡಿಸಲಾಗಿದ್ದು, ಅದಕ್ಕಾಗಿ ರಚಿಸಿದ ನ್ಯಾಸದ ಅವಧಿ 2050ರವರೆಗಿದೆ. ಎನ್‌ಎಫ್‌ಎಲ್ ಜೊತೆಗಿನ ಈಗಿನ ಪ್ರಸಾರ ಒಪ್ಪಂದ 2033ರವರೆಗೆ ನಡೆಯಬೇಕಿದ್ದರೂ, 2029ರ ಋತುವಿನ ನಂತರ ಅದನ್ನು ಮುರಿದು ಹೊರಬರುವ ಹಕ್ಕನ್ನು ಲೀಗ್ ತನ್ನಲ್ಲಿ ಉಳಿಸಿಕೊಂಡಿದೆ.